ಕಡಲಿಗಿಳಿಯುವ ಮುನ್ನ ಮೊದಲು ಕೊಳ್ಳಬೇಕಾದದ್ದೇನು?

ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನೆಲೆಸಿರುವ ನಮ್ಮವರಿಗೆ ರಜೆಯೆಂದರೆ ಬಹುಕಾಲದವರೆಗೆ ಊರು ಎಂಬ ಒಂದೇ ಅರ್ಥವಿತ್ತು. ಕುಲದೇವರ ದರ್ಶನ, ಒಂದೆರಡು ಮದುವೆ ಮುಂಜಿಗಳು, ಸಾಧ್ಯವಾದರೆ ಒಂದು ರಾತ್ರಿಯ ಯಕ್ಷಗಾನ, ಮರಳುವಾಗ ಹಪ್ಪಳ ಉಪ್ಪಿನಕಾಯಿಗಳ ಹೊರೆ, ಇಷ್ಟಾದರೆ ರಜೆ ಸಾರ್ಥಕವಾಯಿತೆಂದು ತಿಳಿಯುತ್ತಿದ್ದೆವು. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣವಾಗಿ ತೆರೆದ ಮೇಲೆ ಕರಾವಳಿಯ ಊರುಗಳು ನಮಗೆ ಇನ್ನಷ್ಟು ಸಮೀಪವಾದವು. ಥಾಣೆಯಲ್ಲಿಯೋ ಪನ್ವೇಲಿನಲ್ಲಿಯೋ ಮತ್ಸ್ಯಗಂಧಾ ಗಾಡಿಯನ್ನೇರಿದರೆ ಒಂದು ರಾತ್ರಿಯ ಪ್ರಯಾಣದಲ್ಲಿ ಮುರುಡೇಶ್ವರ. ಆದರೆ ಈಚಿನ ವರ್ಷಗಳಲ್ಲಿ ನಮ್ಮ ಮಕ್ಕಳು, ಮಕ್ಕಳೊಡನೆ ನಮ್ಮಂಥ ನಡುವಯಸ್ಕರೂ, ಮುರುಡೇಶ್ವರದಲ್ಲಿಳಿದು ಕೇಳುವುದು ದೇವಾಲಯದ ದಾರಿಯನ್ನು ಮಾತ್ರವಲ್ಲ. ದಡದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ, ಭಟ್ಕಳ ತಾಲ್ಲೂಕಿಗೆ ಸೇರಿದ ನೇತ್ರಾಣಿ ದ್ವೀಪದ ಸುತ್ತಲಿನ ನೀರಿನಲ್ಲಿ ಸ್ಕೂಬಾ ಧುಮುಕುವಿಕೆ ನಡೆಯುತ್ತದೆ. ಮಹಾರಾಷ್ಟ್ರದ ಕಡೆಗೆ ಹೋಗಬಯಸುವವರಿಗೆ ಮಾಲವಣದ ಬಳಿಯ ತಾರ್ಕರ್ಲಿ ಉಂಟು. ಅಲ್ಲಿ ರಾಜ್ಯದ ಪ್ರವಾಸೋದ್ಯಮ ನಿಗಮವು ಈ ವಿದ್ಯೆಗೆಂದೇ ಒಂದು ತರಬೇತಿ ಸಂಸ್ಥೆಯನ್ನು ಸ್ಥಾಪಿಸಿದೆ.

ನಾನು ವೈದ್ಯನೂ ಅಲ್ಲ, ನಾವಿಕನೂ ಅಲ್ಲ. ವಾಣಿಜ್ಯ ಶಾಸ್ತ್ರ ಓದಿ ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ಪರಿಶೀಲಿಸುತ್ತ ಬಂದವನು. ಆದರೂ ನೇತ್ರಾಣಿಯ ನೀರಿಗೆ ಕೆಲವು ಬಾರಿ ಇಳಿದು ಬಂದಿರುವೆನೆಂಬ ಕಾರಣದಿಂದ ಸಂಘದ ಸಭೆಗಳಲ್ಲಿ ನನಗೆ ಒಂದು ಪ್ರಶ್ನೆ ಪದೇ ಪದೇ ಎದುರಾಗುತ್ತದೆ. ಕಳೆದ ಸಲ ಸದಸ್ಯರೊಬ್ಬರ ಮಗ, ಇಂಜಿನಿಯರಿಂಗ್ ಮುಗಿಸಿ ಹೊಸದಾಗಿ ಸಂಬಳ ಎಣಿಸುತ್ತಿರುವ ಹುಡುಗ, ಕೇಳಿದ: "ಮಾಮಾ, ಡಿಸೆಂಬರ್ ರಜೆಗೆ ಹೋಗ್ತಿದೀವಿ. ಮೊದಲು ಏನು ತಗೊಳ್ಳಲಿ? ರೆಗ್ಯುಲೇಟರ್ ತಗೊಂಡುಬಿಡಲಾ?" ಅವನಿಗೆ ನಿಂತಲ್ಲೇ ಹೇಳಿದ ಉತ್ತರ ಒಂದೇ ಶಬ್ದದ್ದು, ಮಾಸ್ಕ್. ಏಕೆಂಬುದನ್ನು ವಿವರಿಸಲು ಚಹದ ವಿರಾಮ ಸಾಲದಾದುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಮಾತು. ಪ್ರಥಮ ಬಾರಿಗೆ ಧುಮುಕುವವನು ಯಾವುದನ್ನೂ ಕೊಳ್ಳಲೇಬೇಕೆಂಬ ನಿರ್ಬಂಧವಿಲ್ಲ. ದೋಣಿ, ಮಾರ್ಗದರ್ಶಕ, ಗಾಳಿಯ ಸಿಲಿಂಡರು, ಬಿ.ಸಿ.ಡಿ. ಎಂದು ಕರೆಯುವ ಗಾಳಿ ತುಂಬುವ ಜಾಕೀಟು, ಸೊಂಟಕ್ಕೆ ಕಟ್ಟುವ ಸೀಸದ ತೂಕ, ಮೈಗಂಟುವ ವೆಟ್‌ಸೂಟ್, ಮಾಸ್ಕ್ ಎಲ್ಲವೂ ಅಲ್ಲಿ ಶುಲ್ಕದೊಳಗೇ ದೊರೆಯುತ್ತವೆ. ಹೀಗಿರುವಾಗ ಕೊಳ್ಳುವ ಪ್ರಶ್ನೆಯಾದರೂ ಏಕೆ? ಇಲ್ಲಿ ನನ್ನ ವೃತ್ತಿಯ ಲೆಕ್ಕಾಚಾರ ಸ್ವಲ್ಪ ನೆರವಿಗೆ ಬರುತ್ತದೆ. ಯಾವ ವಸ್ತುವಿನ ಗುಣ ಅದನ್ನು ಕಾಪಾಡುವ ತಜ್ಞನ ಕೈಯಲ್ಲಿದೆಯೋ ಅದನ್ನು ಬಾಡಿಗೆಗೆ ಪಡೆಯುವುದು ಲೇಸು. ಯಾವ ವಸ್ತುವಿನ ಗುಣ ನಮ್ಮ ದೇಹದ ಅಳತೆಯನ್ನೇ ಅವಲಂಬಿಸಿದೆಯೋ ಅದು ನಮ್ಮ ಸ್ವಂತದ್ದಾಗಿರುವುದು ಲೇಸು. ಕನ್ನಡಕವನ್ನು ಯಾರಾದರೂ ಬಾಡಿಗೆಗೆ ತರುತ್ತಾರೆಯೇ?

ರೆಗ್ಯುಲೇಟರನ್ನೇ ನೋಡೋಣ. 1943ರಲ್ಲಿ ಫ್ರಾನ್ಸಿನ ನೌಕಾಧಿಕಾರಿ ಜಾಕ್ ಕೂಸ್ತೋ ಹಾಗೂ ಇಂಜಿನಿಯರ್ ಎಮಿಲ್ ಗಾನ್ಯಾನ್ ಸೇರಿ ಸಿದ್ಧಪಡಿಸಿದ ಉಪಕರಣವೇ ಇಂದಿನದಕ್ಕೆ ಮೂಲ. ಯುದ್ಧಕಾಲದಲ್ಲಿ ಪೆಟ್ರೋಲು ಸಿಗದೆ ಸೌದೆಯ ಅನಿಲದಿಂದ ಓಡುತ್ತಿದ್ದ ಮೋಟಾರುಗಳಿಗಾಗಿ ಗಾನ್ಯಾನ್ ರೂಪಿಸಿದ್ದ ಒಂದು ಕವಾಟವೇ ಸಮುದ್ರದಡಿಯ ಉಸಿರಾಟದ ಸಾಧನವಾಯಿತೆಂಬುದು ಸ್ವಾರಸ್ಯದ ಸಂಗತಿ. ಸಿಲಿಂಡರಿನೊಳಗೆ ಗಾಳಿ ಸುಮಾರು 200 ಬಾರ್ ಒತ್ತಡದಲ್ಲಿರುತ್ತದೆ, ಎಂದರೆ ಕಾರಿನ ಚಕ್ರದೊಳಗಿನ ಒತ್ತಡದ ಸುಮಾರು 90 ಪಾಲು. (ಅದರಲ್ಲಿರುವುದು ಬರಿಯ ಆಮ್ಲಜನಕವೆಂದು ಅನೇಕರು ತಿಳಿದಿರುತ್ತಾರೆ. ಹಾಗಲ್ಲ, ನಾವು ಈಗ ಉಸಿರಾಡುತ್ತಿರುವ ಸಾಮಾನ್ಯ ಗಾಳಿಯನ್ನೇ ಶೋಧಿಸಿ ಅದುಮಿ ತುಂಬಿರುತ್ತಾರೆ.) ಈ ಒತ್ತಡವನ್ನು ಎರಡು ಹಂತಗಳಲ್ಲಿ ಇಳಿಸಿ, ನಾವಿರುವ ಆಳದಲ್ಲಿ ನೀರಿನ ಒತ್ತಡ ಎಷ್ಟಿದೆಯೋ ಅಷ್ಟಕ್ಕೆ ಸರಿಯಾಗಿ, ಉಸಿರೆಳೆದಾಗ ಮಾತ್ರ ಗಾಳಿಯನ್ನು ಒದಗಿಸುವುದು ರೆಗ್ಯುಲೇಟರಿನ ಕೆಲಸ. ಪ್ರಾಣವೇ ಅದಕ್ಕೆ ತೂಗಿಕೊಂಡಿರುತ್ತದೆ. ಉಪ್ಪುನೀರಿನಿಂದ ಅದನ್ನು ರಕ್ಷಿಸಬೇಕು, ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಬಿಚ್ಚಿಸಿ ಒಳಗಿನ ವಾಷರುಗಳನ್ನು ಬದಲಿಸಬೇಕು, ಅದೂ ಬಲ್ಲವನ ಕೈಯಿಂದ. ವರ್ಷಕ್ಕೆ ಎರಡು ದಿನ ಮುಳುಗುವ ನಾವು ಅದನ್ನು ಕೊಂಡು 363 ದಿನ ಕಪಾಟಿನ ಮೇಲಿಟ್ಟು, ಮುಂದಿನ ರಜೆಗೆ ಹಾಗೆಯೇ ಒಯ್ಯುವುದು ಉಳಿತಾಯವೂ ಅಲ್ಲ, ಕ್ಷೇಮವೂ ಅಲ್ಲ. ಸಿಲಿಂಡರಿನ ಮಾತಂತೂ ಬೇಡವೇ ಬೇಡ. ಬಳಕೆಯಲ್ಲಿರುವ ಅಲ್ಯುಮಿನಿಯಂ ಸಿಲಿಂಡರು ಬರಿದಾಗಿದ್ದಾಗಲೇ ಸುಮಾರು 14 ಕಿಲೋ ತೂಗುತ್ತದೆ. ಜಾಕೀಟನ್ನೂ ಡೈವ್ ಕಂಪ್ಯೂಟರನ್ನೂ ಪೂರ್ಣ ತರಬೇತಿ ಪಡೆದು ಈ ಹವ್ಯಾಸ ತನಗೆ ಹಿಡಿಸಿತೆಂದು ಖಚಿತವಾದ ಮೇಲೆ ಯೋಚಿಸಬಹುದು.

ಇನ್ನು ಮಾಸ್ಕು. ನೀರಿನಲ್ಲಿ ಕಣ್ಣು ತೆರೆದರೆ ಎಲ್ಲವೂ ಮಂಜು ಮಂಜಾಗಿ ಕಾಣುವುದು ನಮ್ಮ ಕಣ್ಣಿನ ದೋಷವಲ್ಲ. ಕಣ್ಣಿನ ಮುಂದೆ ಗಾಳಿಯ ಒಂದು ಪದರವಿದ್ದರೆ ಮಾತ್ರ ಬಿಂಬ ಸರಿಯಾಗಿ ಕೂಡುತ್ತದೆ. ಆ ಗಾಳಿಯ ಪದರವನ್ನು ಒದಗಿಸುವುದೇ ಮಾಸ್ಕು. ಅದರ ಮೂಲಕ ನೋಡಿದಾಗ ವಸ್ತುಗಳು ಸುಮಾರು ಮೂರನೆಯ ಒಂದರಷ್ಟು ದೊಡ್ಡದಾಗಿಯೂ, ಇರುವುದಕ್ಕಿಂತ ಹತ್ತಿರವಾಗಿಯೂ ಕಾಣುತ್ತವೆ. ಊರಿಗೆ ಮರಳಿದ ಮೇಲೆ ಮೀನಿನ ಗಾತ್ರ ಬಣ್ಣಿಸುವಾಗ ಇದನ್ನು ನೆನಪಿಡಬೇಕು!

ಹೊಸಬನನ್ನು ನೀರಿನಡಿಯಲ್ಲಿ ಗಾಬರಿಗೊಳಿಸುವುದು ಹೆಚ್ಚಾಗಿ ಶಾರ್ಕ್ ಅಲ್ಲ, ಮಾಸ್ಕಿನೊಳಗೆ ಸೋರಿ ಬರುವ ನೀರು. ಮೂಗಿಗೆ ತಗಲಿದ ನೀರಿನಿಂದ ಉಸಿರು ಕಟ್ಟಿದಂತಾಗುತ್ತದೆ, ಎದೆ ಬಡಿತ ಏರುತ್ತದೆ, ಕೆಲವರು ಮೇಲಕ್ಕೆ ಧಾವಿಸುತ್ತಾರೆ. ಈ ಧಾವಿಸುವಿಕೆಯೇ ಅಪಾಯ. ಹತ್ತು ಮೀಟರ್ ಆಳದಲ್ಲಿ ಒತ್ತಡವು ಮೇಲಿನದರ ಎರಡರಷ್ಟಾಗುತ್ತದೆ. ಅಲ್ಲಿ ಶ್ವಾಸಕೋಶದ ತುಂಬ ಎಳೆದುಕೊಂಡ ಗಾಳಿ, ಉಸಿರು ಬಿಗಿಹಿಡಿದು ಮೇಲೇರಿದರೆ, ಎರಡರಷ್ಟಾಗಿ ಹಿಗ್ಗಲು ಯತ್ನಿಸುತ್ತದೆ. ಶ್ವಾಸಕೋಶದ ಗೋಡೆ ಅದನ್ನು ತಾಳಲಾರದು. ಒಂದು ಒಂದೂವರೆ ಮೀಟರಿನಷ್ಟು ಕಡಿಮೆ ಆಳದಿಂದಲೂ ಇಂಥ ಅಪಾಯ ಸಂಭವಿಸಬಹುದೆಂಬುದು ವೈದ್ಯರ ಎಚ್ಚರಿಕೆ. ಆದುದರಿಂದಲೇ ನೀರಿನಡಿಯಲ್ಲಿ ಉಸಿರನ್ನು ಎಂದಿಗೂ ತಡೆಹಿಡಿಯಕೂಡದೆಂಬುದು ಈ ವಿದ್ಯೆಯ ಮೊದಲನೆಯ ನಿಯಮ. ಮುಖಕ್ಕೆ ಒಪ್ಪುವ ಒಂದು ಮಾಸ್ಕು ಗಾಬರಿಯ ಮೂಲವನ್ನೇ ಅಷ್ಟರಮಟ್ಟಿಗೆ ತೊಡೆದುಹಾಕುತ್ತದೆ.

ಅದನ್ನು ಆರಿಸುವ ಕ್ರಮ ಸುಲಭ. ಪಟ್ಟಿಯನ್ನು ತಲೆಗೆ ಹಾಕದೆ ಮಾಸ್ಕನ್ನು ಮುಖಕ್ಕೆ ಹಗುರಾಗಿ ಒತ್ತಿ, ಮೂಗಿನಿಂದ ಸ್ವಲ್ಪವೇ ಉಸಿರೆಳೆದು ಕೈಬಿಡಬೇಕು. ಅದು ಬೀಳದೆ ನಿಂತರೆ ನಿಮ್ಮ ಮುಖಕ್ಕೆ ಹೊಂದಿತೆಂದು ಅರ್ಥ. ಗಾಳಿ ಸುಯ್ಯೆಂದು ನುಸುಳಿದರೆ, ಬೆಲೆ ಎಷ್ಟೇ ಇರಲಿ, ಬ್ರ್ಯಾಂಡ್ ಯಾವುದೇ ಇರಲಿ, ಅದು ನಿಮ್ಮದಲ್ಲ. ಅಂಚು ಮೆದುವಾದ ಸಿಲಿಕೋನಿನದಾಗಿರಬೇಕು, ಗಾಜು ಗಟ್ಟಿಗೊಳಿಸಿದ್ದಾಗಿರಬೇಕು, ಮೂಗು ಒಳಗೇ ಇದ್ದು ಅದನ್ನು ಹೊರಗಿನಿಂದ ಬೆರಳುಗಳಲ್ಲಿ ಹಿಡಿಯಲು ಬರುವಂತಿರಬೇಕು. ಈ ಕೊನೆಯ ಲಕ್ಷಣಕ್ಕೆ ವಿಶೇಷ ಮಹತ್ವವಿದೆ. ಈಜುಕೊಳದಲ್ಲಿ ಬಳಸುವ ಕನ್ನಡಕ ಮೂಗನ್ನು ಹೊರಗೆ ಬಿಡುತ್ತದೆ. ಆಳಕ್ಕಿಳಿದಂತೆ ಅದರೊಳಗಿನ ಗಾಳಿ ಕುಗ್ಗಿ ಕಣ್ಣನ್ನೇ ಹೀರತೊಡಗುತ್ತದೆ, ಕಣ್ಣಿನ ಬಿಳಿಯ ಭಾಗದಲ್ಲಿ ರಕ್ತ ಕಟ್ಟುವುದುಂಟು. ಮಾಸ್ಕಿನಲ್ಲಾದರೆ ಮೂಗಿನಿಂದ ಆಗಾಗ ಒಂದಿಷ್ಟು ಗಾಳಿಯೂದಿ ಒಳಗಿನ ಒತ್ತಡವನ್ನು ಸರಿಪಡಿಸಬಹುದು. ಈಚೆಗೆ ಮುಖವನ್ನು ಪೂರ್ತಿಯಾಗಿ ಮುಚ್ಚುವ, ಮೇಲೊಂದು ಕೊಳವೆಯಿರುವ ಮಾಸ್ಕುಗಳೂ ಮಳಿಗೆಗಳಲ್ಲಿ ತೂಗುತ್ತಿರುತ್ತವೆ. ಅವು ನೀರಿನ ಮೇಲ್ಮೈಯಲ್ಲಿ ತೇಲುತ್ತ ನೋಡುವುದಕ್ಕಷ್ಟೇ, ಧುಮುಕುವುದಕ್ಕಲ್ಲ.

ನಮ್ಮ ಪುರುಷರಿಗೆ ಒಂದು ವಿಶೇಷ ಸೂಚನೆ. ಮೀಸೆಯ ಕೂದಲು ಅಂಚಿನಡಿಗೆ ಸಿಕ್ಕಿ ನೀರಿಗೆ ದಾರಿ ಮಾಡಿಕೊಡುತ್ತದೆ. ಒಮ್ಮೆ ನಮ್ಮ ದೋಣಿಯಲ್ಲಿದ್ದ ಹಿರಿಯರೊಬ್ಬರಿಗೆ ಬಾಡಿಗೆಯ ಮಾಸ್ಕು ಮೂರನೆಯ ಬಾರಿಯೂ ಸೋರಿತು. ಮಾರ್ಗದರ್ಶಕ ಹುಡುಗ ಸಂಕೋಚದಿಂದಲೇ, "ರಾಯರೇ, ಮೂಗಿನ ಕೆಳಗೆ ಒಂದು ಗೆರೆಯಷ್ಟು ತೆಗೆದರೆ ಸಾಕು, ಮೀಸೆ ಮೀಸೆಯಾಗಿಯೇ ಇರುತ್ತದೆ" ಎಂದ. ರಾಯರು ಒಪ್ಪಲಿಲ್ಲ, ದೋಣಿಯಲ್ಲಿಯೇ ಕುಳಿತರು. ಮನೆಯಲ್ಲಿ ಮೊದಲೇ ತಿಳಿದಿದ್ದರೆ ಯೋಚಿಸಲು ಕಾಲಾವಕಾಶವಿರುತ್ತಿತ್ತು. ಸೋರುವುದೆಂದು ಪಟ್ಟಿಯನ್ನು ಬಿಗಿಯುತ್ತ ಹೋಗುವುದೂ ಸರಿಯಲ್ಲ. ಅತಿ ಬಿಗಿತದಿಂದ ಅಂಚು ಮಡಿಸಿಕೊಂಡು ಸೋರಿಕೆ ಹೆಚ್ಚುತ್ತದೆ. ಸಮೀಪದೃಷ್ಟಿಯುಳ್ಳವರಿಗೆ ಪವರಿನ ಗಾಜು ಕೂಡಿಸಬಹುದಾದ ಮಾಸ್ಕುಗಳು ದೊರೆಯುತ್ತವೆ. ದೋಷ ಅಲ್ಪವಾಗಿದ್ದರೆ, ನೀರಿನಲ್ಲಿ ಎಲ್ಲವೂ ದೊಡ್ಡದಾಗಿ ಕಾಣುವುದರಿಂದ, ಸಾಮಾನ್ಯ ಗಾಜೇ ಸಾಕಾಗುವುದುಂಟು. ಬಾಡಿಗೆಯ ಪೆಟ್ಟಿಗೆಯಲ್ಲಿ ನಿಮ್ಮ ಪವರಿನದು ಇರುವುದೆಂದು ನಂಬಿ ಹೋಗುವುದು ಜಾಣತನವಲ್ಲ. ಹೊಸ ಮಾಸ್ಕಿನ ಗಾಜಿನ ಒಳಮೈಗೆ ಕಾರ್ಖಾನೆಯಿಂದಲೇ ಬಂದ ಒಂದು ತೆಳುವಾದ ಲೇಪ ಅಂಟಿರುತ್ತದೆ. ಅದನ್ನು ಬಿಳಿಯ ದಂತಮಂಜನದ ಪೇಸ್ಟಿನಿಂದ ಎರಡು ಮೂರು ಸಲ ಉಜ್ಜಿ ತೊಳೆಯದಿದ್ದರೆ ನೀರಿಗಿಳಿದ ಕ್ಷಣವೇ ಗಾಜಿಗೆ ಹಬೆ ಕವಿಯುತ್ತದೆ.

ಎರಡನೆಯದಾಗಿ ಕೊಳ್ಳಬಹುದಾದವು ಸ್ನಾರ್ಕೆಲ್ ಕೊಳವೆ ಮತ್ತು ಕಾಲಿಗೆ ತೊಡುವ ಫಿನ್. ಕೊಳವೆ ಅಗ್ಗ. ಫಿನ್ ಕೊಳ್ಳುವುದಾದರೆ ಪಾದವನ್ನು ಪೂರ್ತಿ ಒಳಗೊಳ್ಳುವ ಗಿಡ್ಡ ಜಾತಿಯದು ನಮ್ಮ ಬೆಚ್ಚಗಿನ ನೀರಿಗೆ ಸಾಕು, ರೈಲಿನ ಬರ್ತಿನಡಿಗೂ ಹಿಡಿಯುತ್ತದೆ. ಸಡಿಲವಾದದ್ದು ಕಾಲು ಉಜ್ಜುತ್ತದೆ, ಬಿಗಿಯಾದದ್ದು ಮೀನಖಂಡದ ಸೆಳೆತ ತರುತ್ತದೆ. ಇದಕ್ಕಿಂತ ಹೆಚ್ಚಿನದನ್ನು ಮೊದಲ ವರ್ಷ ಕೊಳ್ಳಬೇಕಾಗಿಲ್ಲವೆಂಬುದು ನನ್ನ ಮತ.

ಈಗ ಮಾಸ್ಕಿನ ಆ ಮೂಗಿನ ಚೀಲಕ್ಕೆ ಮರಳೋಣ. ಅದನ್ನು ಬೆರಳುಗಳಲ್ಲಿ ಒತ್ತಿ ಹಿಡಿದು ಮೂಗಿನೊಳಗೆ ಮೃದುವಾಗಿ ಗಾಳಿಯೂದಿದರೆ ಗಂಟಲಿನಿಂದ ನಡುಗಿವಿಗೆ ಹೋಗುವ ಸಣ್ಣ ನಾಳ ತೆರೆದು, ಕಿವಿಯ ತಮಟೆಯ ಎರಡೂ ಕಡೆ ಒತ್ತಡ ಸಮವಾಗುತ್ತದೆ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಇದನ್ನು ವಿವರಿಸಿದ ಇಟಲಿಯ ಶರೀರಶಾಸ್ತ್ರಜ್ಞ ವಾಲ್ಸಾಲ್ವನ ಹೆಸರೇ ಈ ಕ್ರಿಯೆಗೆ ಇಂದಿಗೂ ನಿಂತಿದೆ. ನೋವು ಬಂದ ಮೇಲಲ್ಲ, ಬರುವುದಕ್ಕೆ ಮುನ್ನವೇ, ಇಳಿಯಲಾರಂಭಿಸಿದಾಗಿನಿಂದ ಪ್ರತಿ ಮೀಟರಿಗೂ ಇದನ್ನು ಮಾಡುತ್ತಿರಬೇಕು. ಕಿವಿ ತೆರೆಯದಿದ್ದರೆ ಸ್ವಲ್ಪ ಮೇಲೇರಿ ಪುನಃ ಯತ್ನಿಸಬೇಕು; ಬಲವಂತವಾಗಿ ಊದಬಾರದು, ತಮಟೆ ಹರಿಯುವುದುಂಟು. ನೆಗಡಿಯಾದಾಗ ಆ ನಾಳ ಊದಿಕೊಂಡು ಮುಚ್ಚಿರುತ್ತದೆ. ಮೂಗು ಬಿಡಿಸುವ ಔಷಧ ಹಾಕಿಕೊಂಡು ಇಳಿಯುವವರನ್ನು ನೋಡಿದ್ದೇನೆ. ಔಷಧದ ಪ್ರಭಾವ ನೀರಿನಡಿಯಲ್ಲಿಯೇ ಮುಗಿದರೆ, ಒಳಗೆ ಸಿಕ್ಕಿಕೊಂಡ ಗಾಳಿ ಮೇಲೇರುವಾಗ ಹಿಗ್ಗಿ ಹೊರಬರಲಾರದೆ ಇನ್ನೂ ಹೆಚ್ಚಿನ ಯಾತನೆ ಕೊಡುತ್ತದೆ. ನಮ್ಮ ಉಪನಗರಗಳ ಧೂಳು, ಡೊಂಬಿವಲಿಯ ಕಾರ್ಖಾನೆಗಳ ಹೊಗೆ, ಬೆಳಗಿನ ಲೋಕಲ್ ಗಾಡಿಯ ನೂಕುನುಗ್ಗಲು ಇವುಗಳ ನಡುವೆ ವರ್ಷವಿಡೀ ಮೂಗು ಕಟ್ಟಿಕೊಂಡೇ ಇರುವವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ಅಂಥವರು ಮಾಸ್ಕಿನ ಅಂಗಡಿಗಿಂತ ಮುಂಚೆ ಕಿವಿ-ಮೂಗು-ಗಂಟಲಿನ ವೈದ್ಯರ ಬಳಿಗೆ ಹೋಗುವುದು ಒಳ್ಳೆಯದು.

ಎಲ್ಲಕ್ಕಿಂತ ಮುಖ್ಯವಾದ ವಿಷಯವನ್ನು ಈಗ ಹೇಳಬೇಕು. ಧುಮುಕುವ ಮುನ್ನ ಒಂದು ಆರೋಗ್ಯದ ಪ್ರಶ್ನಾವಳಿಯನ್ನು ತುಂಬಿ ಸಹಿ ಹಾಕಬೇಕಾಗುತ್ತದೆ. ಬಹುತೇಕರು ಅದನ್ನು ದಡದಲ್ಲಿ, ಹಣ ಕಟ್ಟಿಯಾದ ಮೇಲೆ, ಮಕ್ಕಳು ಕೈಹಿಡಿದೆಳೆಯುತ್ತಿರುವಾಗ, ಓದದೆಯೇ ಎಲ್ಲದಕ್ಕೂ "ಇಲ್ಲ" ಎಂದು ಗುರುತು ಹಾಕುತ್ತ ಹೋಗುತ್ತಾರೆ. ಸಾಲದ ಅರ್ಜಿಯಲ್ಲಿ ಹಳೆಯ ಸಾಲವನ್ನು ಮರೆಮಾಚಿದವನಿಂದ ಬ್ಯಾಂಕಿಗೆ ನಷ್ಟ. ಈ ಅರ್ಜಿಯಲ್ಲಿ ಮರೆಮಾಚಿದರೆ ನಷ್ಟ ಯಾರಿಗೆ? ಅಂತರರಾಷ್ಟ್ರೀಯವಾಗಿ ಬಳಕೆಯಲ್ಲಿರುವ ಪ್ರಶ್ನಾವಳಿಯು 45 ವರ್ಷ ದಾಟಿದವರನ್ನು ಪ್ರತ್ಯೇಕವಾಗಿ ವಿಚಾರಿಸುತ್ತದೆ. ಧೂಮಪಾನವುಂಟೇ, ರಕ್ತದೊತ್ತಡವುಂಟೇ, ಕೊಲೆಸ್ಟರಾಲ್ ಹೆಚ್ಚಿದೆಯೇ, ರಕ್ತಸಂಬಂಧಿಗಳಲ್ಲಿ ಯಾರಿಗಾದರೂ 50 ವರ್ಷದೊಳಗೆ ಹೃದ್ರೋಗವಿತ್ತೇ? ಒಂದಕ್ಕೆ "ಹೌದು" ಎಂದರೂ ವೈದ್ಯರ ಒಪ್ಪಿಗೆ ಬೇಕು. ಆಸ್ತಮಾ, ಮಧುಮೇಹ, ಹಿಂದೆ ಆದ ಕಿವಿಯ ಶಸ್ತ್ರಕ್ರಿಯೆ, ಮೂರ್ಛೆ ಇವೆಲ್ಲವೂ ಅದರಲ್ಲಿವೆ. ಗರ್ಭಿಣಿಯರು ಧುಮುಕುವಂತಿಲ್ಲ.

ಇದು ಕೇವಲ ಕಾಗದದ ಕಟ್ಟಳೆಯಲ್ಲ. ಕುತ್ತಿಗೆಯವರೆಗೆ ನೀರಿನಲ್ಲಿ ನಿಂತೊಡನೆ ಕಾಲುಗಳಲ್ಲಿದ್ದ ರಕ್ತ ಎದೆಯತ್ತ ಸರಿದು ಹೃದಯದ ಹೊರೆ ಹೆಚ್ಚುತ್ತದೆ. ನೀರು ಗಾಳಿಗಿಂತ ಇಪ್ಪತ್ತು ಪಾಲಿಗೂ ಮಿಗಿಲಾದ ವೇಗದಲ್ಲಿ ಮೈಯ ಶಾಖವನ್ನು ಸೆಳೆಯುವುದರಿಂದ ಚರ್ಮದ ರಕ್ತನಾಳಗಳು ಸಂಕುಚಿಸಿ ಒತ್ತಡ ಇನ್ನೂ ಏರುತ್ತದೆ. ಅದರ ಮೇಲೆ ಪ್ರವಾಹಕ್ಕೆದುರಾಗಿ ಕಾಲು ಬಡಿಯುವ ಶ್ರಮ, ಕೊನೆಗೆ ಬೆನ್ನ ಮೇಲೆ ಸಿಲಿಂಡರಿನೊಡನೆ ತೂಗಾಡುವ ದೋಣಿಯ ಏಣಿಯನ್ನೇರುವ ಶ್ರಮ. ರಕ್ತದೊತ್ತಡವುಳ್ಳ ಕೆಲವರಲ್ಲಿ ನೀರಿನಡಿಯಲ್ಲಿಯೇ ಶ್ವಾಸಕೋಶದೊಳಗೆ ದ್ರವ ತುಂಬಿ ಉಸಿರು ಸಾಲದಾಗುವುದನ್ನು ವೈದ್ಯರು ಗುರುತಿಸಿದ್ದಾರೆ. ಧುಮುಕುವವರ ಸಾವುಗಳ ಕಾರಣಗಳಲ್ಲಿ ಹೃದಯದ ತೊಂದರೆಗಳು ಪ್ರಮುಖವಾದವು. ದಿನಕ್ಕೆ ಎಂಟು ಗಂಟೆ ಕುರ್ಚಿಯಲ್ಲಿ, ಮೂರು ಗಂಟೆ ಗಾಡಿಯಲ್ಲಿ ಕಳೆಯುವ ನಮ್ಮ ಹೃದಯಕ್ಕೆ ಇಂಥ ಶ್ರಮದ ರೂಢಿಯಿಲ್ಲ.

ಆದುದರಿಂದ ಆ ಹುಡುಗನಿಗೆ ನಾನು ಕೊಟ್ಟ ಕಾಲಪಟ್ಟಿ ಇದು. ರಜೆಗೆ ಆರು ವಾರಗಳಿರುವಾಗ ಪ್ರಶ್ನಾವಳಿಯನ್ನು ತರಿಸಿಕೊಂಡು ಮನೆಯಲ್ಲಿ ಸಾವಕಾಶವಾಗಿ, ಪ್ರತಿಯೊಬ್ಬರದನ್ನೂ ಪ್ರತ್ಯೇಕವಾಗಿ ತುಂಬಬೇಕು. "ಹೌದು" ಎಂದಿದ್ದವರು ತಮ್ಮ ಕುಟುಂಬ ವೈದ್ಯರನ್ನು ಕಾಣಬೇಕು. ವೈದ್ಯರು ಬೇಡವೆಂದರೆ ಆ ವ್ಯಕ್ತಿಯ ಮಾಸ್ಕಿನ ಖರ್ಚು ಅಲ್ಲಿಗೇ ಉಳಿಯಿತು. ಒಪ್ಪಿದರೆ ಅದೇ ವಾರ ಮಾಸ್ಕು ಕೊಂಡು, ಹತ್ತಿರದ ಈಜುಕೊಳದಲ್ಲಿ ಅನುಮತಿ ಪಡೆದು ನಾಲ್ಕೈದು ಭಾನುವಾರ ಅಭ್ಯಾಸ ಮಾಡಬೇಕು. ಎದೆಯೆತ್ತರದ ನೀರಿನಲ್ಲಿ ಮಾಸ್ಕಿನೊಳಗೆ ಬೇಕೆಂದೇ ಸ್ವಲ್ಪ ನೀರು ಬಿಟ್ಟುಕೊಂಡು, ಮೇಲಂಚನ್ನು ಹಣೆಗೆ ಒತ್ತಿ ಹಿಡಿದು, ಮೂಗಿನಿಂದ ಊದಿ ಹೊರಹಾಕುವುದನ್ನು ಕಲಿತರೆ ಅರ್ಧ ಭಯ ನಿವಾರಣೆಯಾದಂತೆಯೇ. ದೋಣಿಯಲ್ಲಿ ಕೊಡುವ ಹದಿನೈದು ನಿಮಿಷಗಳ ಪಾಠದಲ್ಲಿ ಇದು ಕೈಗೂಡುವುದಿಲ್ಲ. ಹತ್ತು ವರ್ಷ ತುಂಬಿದ ಮಕ್ಕಳನ್ನೂ ಕೆಲವು ಸಂಸ್ಥೆಗಳು ಸೇರಿಸಿಕೊಳ್ಳುತ್ತವೆ. ಅವರಿಗೆ ಮಕ್ಕಳ ಅಳತೆಯದೇ ಮಾಸ್ಕು ಬೇಕು. ಹೆದರುವ ಮಗುವನ್ನು ಮಾತ್ರ ಹುರಿದುಂಬಿಸಿ ನೂಕಬಾರದು.

ತಿರುಗಿ ಬರುವ ದಿನವನ್ನೂ ಮೊದಲೇ ಲೆಕ್ಕ ಹಾಕಿರಬೇಕು. ಒತ್ತಡದಲ್ಲಿ ರಕ್ತದೊಳಗೆ ಕರಗಿದ ಸಾರಜನಕ ನಿಧಾನವಾಗಿ ಹೊರಹೋಗಬೇಕಷ್ಟೆ. ಅಷ್ಟರೊಳಗೆ ವಿಮಾನವೇರಿದರೆ ಅದು ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ಗುಳ್ಳೆಯಾಗಿ ಕೀಲುಗಳಿಗೂ ನರಗಳಿಗೂ ಬಾಧೆ ಕೊಡಬಹುದು. ಒಂದು ಸಲ ಧುಮುಕಿದ್ದರೆ ಕನಿಷ್ಠ 12 ಗಂಟೆ, ಹಲವು ಸಲವಾಗಿದ್ದರೆ 18 ಗಂಟೆ ವಿಮಾನ ಹತ್ತಬಾರದೆಂಬುದು ಸಾಮಾನ್ಯ ಸೂಚನೆ. ಒಂದು ಪೂರ್ಣ ದಿನ ಬಿಡುವುದು ಇನ್ನೂ ಒಳ್ಳೆಯದು. ಅದೇ ಸಂಜೆ ಘಾಟಿ ಹತ್ತಿ ಬೆಂಗಳೂರಿನ ಬಂಧುಗಳ ಮನೆಗೆ ಹೊರಡುವವರಿಗೂ ಈ ಮಾತು ಅನ್ವಯಿಸುತ್ತದೆ, ಆ ನಗರ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಕಡಲ ಮಗ್ಗುಲಲ್ಲಿಯೇ ಓಡುವ ರೈಲಿನಲ್ಲಿ ಥಾಣೆಗೆ ಮರಳುವವರಿಗೆ ಈ ಚಿಂತೆಯಿಲ್ಲ.

ಇಷ್ಟೆಲ್ಲ ಏತಕ್ಕೆ ಎನ್ನುವವರಿಗೆ ನೇತ್ರಾಣಿಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಮಳೆಗಾಲದ ನಾಲ್ಕು ತಿಂಗಳು ಅಲ್ಲಿಗೆ ಹೋಗಲಾಗದು. ಅಕ್ಟೋಬರಿನಿಂದ ಮೇ ತಿಂಗಳವರೆಗೆ ಕಾಲ. ಬೆಳಿಗ್ಗೆ ಹೊರಟ ದೋಣಿಯ ಹಿಂದೆ ಮುರುಡೇಶ್ವರದ 123 ಅಡಿಯ ಶಿವನೂ, ಅದರ ಮುಂದಿನ ಗೋಪುರವೂ ಮೆಲ್ಲಗೆ ಕುಗ್ಗುತ್ತ ಹೋಗಿ, ಎದುರಿಗೆ ಕಡಿದಾದ ಬಂಡೆಗಳ ಮೇಲೆ ಹಸಿರು ಹೊದ್ದ ದ್ವೀಪ ಏಳುತ್ತದೆ. ಆಕಾಶದಿಂದ ನೋಡಿದರೆ ಅದರ ಆಕಾರ ಹೃದಯದಂತಿದೆ. ನೌಕಾಪಡೆಯವರು ಗುರಿಯಭ್ಯಾಸಕ್ಕೆ ಇದೇ ದ್ವೀಪವನ್ನು ಬಳಸುತ್ತಿದ್ದುದುಂಟು. ಬಿಳಿಹೊಟ್ಟೆಯ ಕಡಲಹದ್ದುಗಳು ಇಲ್ಲಿಯೇ ಗೂಡು ಕಟ್ಟುತ್ತವೆ. ಹೊಸಬರನ್ನು 12 ಮೀಟರಿಗಿಂತ ಕೆಳಗೆ ಒಯ್ಯಕೂಡದು, ಒಯ್ಯುವ ಅಗತ್ಯವೂ ಇಲ್ಲ. ಬಂಡೆಗಳಿಗೆ ಹತ್ತಿದ ಹವಳ, ಅದನ್ನು ಕುಟುಕುವ ಗಿಳಿಮೀನು, ಜೋಡಿಯಾಗಿ ಸುಳಿಯುವ ಹಳದಿ ಚಿಟ್ಟೆಮೀನು, ಬಿರುಕಿನಿಂದ ಬಾಯಿ ತೆರೆದು ನೋಡುವ ಹಾವುಮೀನು, ಇವೆಲ್ಲ ಅಷ್ಟರೊಳಗೇ ಕಾಣುತ್ತವೆ. ಕೇಳಿಸುವುದು ತನ್ನ ಉಸಿರಿನ ಸದ್ದೊಂದೇ. ಯಾವುದನ್ನೂ ಮುಟ್ಟಬಾರದು, ಹವಳದ ಮೇಲೆ ಕಾಲಿಡಬಾರದು.

ದಡಕ್ಕೆ ಬಂದೊಡನೆ ಮಾಸ್ಕನ್ನು ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಆರಿಸಿ, ಅದರ ಗಟ್ಟಿಯಾದ ಡಬ್ಬಿಯಲ್ಲಿಯೇ ಇಡಬೇಕು. ಬಿಸಿಲಿಗೆ ಸಿಲಿಕೋನು ಹಳದಿಯಾಗಿ ಬಿರುಸಾಗುತ್ತದೆ, ಒತ್ತಡಕ್ಕೆ ಸಿಕ್ಕರೆ ಅಂಚು ಸೊಟ್ಟಗಾಗಿ ಮುಂದಿನ ವರ್ಷ ಸೋರುತ್ತದೆ. ಮರಳುವ ಗಾಡಿಯಲ್ಲಿ ಅದನ್ನು ಊರಿನಿಂದ ತರುವ ತೆಂಗಿನಕಾಯಿಯ ಚೀಲದಡಿಯಲ್ಲಿ ತುರುಕಬಾರದು.